ಕಾಡು, ಮಣ್ಣು, ಜಮೀನಿನ ಸರ್ಕಾರಿ ಕೆಲಸಕ್ಕೆ ದುರ್ಗ-ದಾವಣಗೆರೆಯಿಂದ ದಾರಿ: ಒಂದು ಸಮಗ್ರ ಮಾರ್ಗದರ್ಶಿ

ಕಾಡು, ಮಣ್ಣು, ನೀರು, ಜಮೀನು ನೋಡಿಕೊಳ್ಳುವ ಸರ್ಕಾರಿ ಕೆಲಸ ಬೇಕು ಅನ್ನುವವರು ನಮ್ಮ ಕಡೆ ಮೊದಲು ಒಂದು ದಪ್ಪ ಜಿ.ಕೆ. ಪುಸ್ತಕ ಕೊಳ್ಳುತ್ತಾರೆ, ಆಮೇಲೆ ಕೋಚಿಂಗ್ ಸೇರುತ್ತಾರೆ, ಅದೆಲ್ಲ ಆಗಿ ಅಧಿಸೂಚನೆ ಬಂದ ದಿನ ತಮ್ಮ ಡಿಗ್ರಿಗೆ ಆ ಹುದ್ದೆಯೇ ಇಲ್ಲ ಅಂತ ಕಂಡುಕೊಳ್ಳುತ್ತಾರೆ. ಈ ಕ್ರಮ ತಲೆಕೆಳಗಾಗಬೇಕು. ಮೊದಲು ಹುದ್ದೆ ಹಿಡಿಯಿರಿ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ: ಯಾವ ಓದು, ಎಷ್ಟು ವಯಸ್ಸು, ಯಾವ ಪ್ರಮಾಣಪತ್ರ, ಎಷ್ಟು ನಡಿಗೆ. ಪುಸ್ತಕ ಕೊನೆಗೆ.

ಪ್ರತಿ ಹುದ್ದೆಗೂ ವೃಂದ ಮತ್ತು ನೇಮಕಾತಿ ನಿಯಮ ಅಂತ ಒಂದಿರುತ್ತದೆ, ಆ ಹುದ್ದೆಗೆ ಯಾರನ್ನು ಹೇಗೆ ತೆಗೆದುಕೊಳ್ಳಬೇಕು ಅಂತ ಹೇಳುವ ನಿಯಮ. ಓದೋಕೆ ಬೇಜಾರು ಹಿಡಿಸುವ ಕಾಗದ. ಆದರೆ ಆಟ ಅಲ್ಲೇ ಅರ್ಧ ಮುಗಿದಿರುತ್ತದೆ. ಹಳೇ ಅಧಿಸೂಚನೆಗಳ ಪಿಡಿಎಫ್ ಇಳಿಸಿಕೊಂಡು ವಿದ್ಯಾರ್ಹತೆ, ವಯಸ್ಸು, ಆಯ್ಕೆ ವಿಧಾನ ಈ ಭಾಗಗಳನ್ನಾದರೂ ಪೂರ್ತಿ ಓದಿ. ಯೂಟ್ಯೂಬ್ ವಿಡಿಯೋ ನೋಡಿದರೆ ಸಾಲದು.

ಹೆಜ್ಜೆ 1: ಯಾವ ಇಲಾಖೆ ಏನು ಮಾಡುತ್ತದೆ ಅಂತ ತಿಳಿದುಕೊಳ್ಳಿ

ಫಾರೆಸ್ಟ್ ಅಂದ ಕೂಡಲೇ ಎಲ್ಲರ ತಲೆಗೆ ಬರುವುದು ಬಂಡೀಪುರ, ನಾಗರಹೊಳೆ. ಇಲ್ಲೂ ಕಾಡಿದೆ ಸ್ವಾಮಿ. ಚಿತ್ರದುರ್ಗದ ಮಗ್ಗುಲಲ್ಲೇ ಜೋಗಿಮಟ್ಟಿ ಇದೆ. ಜಗಳೂರು ತಾಲೂಕಿನಲ್ಲಿ ರಂಗಯ್ಯನದುರ್ಗ ಇದೆ, ಕೊಂಡುಕುರಿಗೆ, ಅಂದರೆ ನಾಲ್ಕು ಕೊಂಬಿನ ಹುಲ್ಲೆಗೆ, ಅಂತಲೇ ಮಾಡಿದ ವನ್ಯಜೀವಿ ಧಾಮ. ಮಾರಿಕಣಿವೆ ಅಂದರೆ ವಾಣಿವಿಲಾಸ ಸಾಗರದ ಸುತ್ತ ಕುರುಚಲು ಕಾಡು, ಚಳ್ಳಕೆರೆ ಕಡೆ ಅಮೃತಮಹಲ್ ಕಾವಲಿನ ಹುಲ್ಲುಗಾವಲು, ದಾವಣಗೆರೆ ಹತ್ತಿರ ಕೊಂಡಜ್ಜಿ. ಚನ್ನಗಿರಿ ಭಾಗ ಬಿಟ್ಟರೆ ಇಲ್ಲಿ ಆನೆ ಕಾಟ ಕಡಿಮೆ. ಬೇಸಿಗೆಯಲ್ಲಿ ಬೆಂಕಿ ಆರಿಸುವುದು, ನೆಡುತೋಪು ಉಳಿಸುವುದು, ಒತ್ತುವರಿ ತಡೆಯುವುದು, ಚಿರತೆಯೋ ಕರಡಿಯೋ ಊರಿಗೆ ಬಂದಾಗ ಜನರನ್ನು ಸಮಾಧಾನ ಮಾಡುವುದು, ಮರುದಿನ ಅದರ ಕಡತ ಬರೆಯುವುದು, ಇದೇ ದಿನನಿತ್ಯದ ಕೆಲಸ. ಕಾಡಲ್ಲಿ ಸುಮ್ನೆ ಓಡಾಡಿಕೊಂಡು ಇರಬಹುದು ಅಂತ ಬರುವವರು ಒಂದು ವಲಯ ಕಚೇರಿಗೆ ಹೋಗಿ ಕಡತಗಳ ರಾಶಿ ನೋಡಿಕೊಂಡು ಬರುವುದು ಒಳ್ಳೆಯದು.

ಇಲಾಖೆಯ ಏಣಿ ಕೆಳಗಿನಿಂದ ಹೀಗಿದೆ: ಅರಣ್ಯ ವೀಕ್ಷಕ ಅಂದರೆ ವಾಚರ್, ಅದರ ಮೇಲೆ ಗಸ್ತು ಅರಣ್ಯ ಪಾಲಕ ಅಂದರೆ ನಾವೆಲ್ಲ ಗಾರ್ಡ್ ಅನ್ನುವವರು, ಆಮೇಲೆ ಉಪ ವಲಯ ಅರಣ್ಯಾಧಿಕಾರಿ, ವಲಯ ಅರಣ್ಯಾಧಿಕಾರಿ ಅಂದರೆ ಆರ್‌ಎಫ್‌ಓ, ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ಅಂದರೆ ಎಸಿಎಫ್. ಅದರ ಮೇಲೆ ಭಾರತೀಯ ಅರಣ್ಯ ಸೇವೆಯವರು.

ಮಣ್ಣು, ಮಳೆನೀರಿನ ಕೆಲಸ ಕೃಷಿ ಇಲಾಖೆಯದು, ಜಲಾನಯನ ಅಭಿವೃದ್ಧಿ ಇಲಾಖೆಯದು. ಬದು, ಕೃಷಿ ಹೊಂಡ, ಚೆಕ್ ಡ್ಯಾಂ, ನಾಲಾ ಬದು ಎಲ್ಲ ಇವರ ಕೈಯಲ್ಲಿ. 2001ರಿಂದ 2009ರವರೆಗೆ ವಿಶ್ವಬ್ಯಾಂಕ್ ನೆರವಿನಲ್ಲಿ ನಡೆದ ಸುಜಲ ಯೋಜನೆಯ ಐದು ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದು, ಹಾಗಾಗಿ ಇಲ್ಲಿನ ಹಳ್ಳಿಗರಿಗೆ 'ಜಲಾನಯನ' ಅನ್ನುವುದು ಹೊಸ ಮಾತಲ್ಲ. ಆದರೆ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಜಲಾನಯನ ಇಲಾಖೆಯಲ್ಲಿ ಇರುವ ಅಧಿಕಾರಿಗಳು ಹೆಚ್ಚಾಗಿ ಕೃಷಿ, ತೋಟಗಾರಿಕೆ, ಅರಣ್ಯ ಇಲಾಖೆಗಳಿಂದ ನಿಯೋಜನೆ ಮೇಲೆ ಬಂದವರು. ನೇರವಾಗಿ ಅಲ್ಲಿಗೇ ಸೇರುತ್ತೇನೆ ಅಂತ ಕಾಯುತ್ತಾ ಕೂರಬೇಡಿ. ಕೃಷಿ ಇಲಾಖೆಯ ಬಾಗಿಲಿನಿಂದ ಒಳಗೆ ಹೋಗಿ.

ಜಮೀನಿನ ದಾಖಲೆ, ಅಳತೆ, ಗಡಿ ಕಂದಾಯ ಇಲಾಖೆ ಮತ್ತು ಭೂಮಾಪನ ಇಲಾಖೆಗೆ ಸೇರಿದ್ದು. ಗ್ರಾಮ ಆಡಳಿತಾಧಿಕಾರಿ, ಭೂಮಾಪಕ ಅಂದರೆ ಸರ್ವೇಯರ್, ಮೇಲೆ ತಹಶೀಲ್ದಾರ್. ಗೋಮಾಳ ಉಳಿಯಬೇಕೋ, ಕೆರೆ ಅಂಗಳ ತೆರವಾಗಬೇಕೋ, ಅರಣ್ಯ-ಕಂದಾಯ ಗಡಿ ಜಗಳ ಬಗೆಹರಿಯಬೇಕೋ, ಕೊನೆಗೆ ಚೈನು ಹಿಡಿದು ಹೋಗುವವರು ಇವರೇ. ಪರಿಸರದ ಕೆಲಸ ಮಾಡಬೇಕು ಅನ್ನುವವರು ಈ ಹುದ್ದೆಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಬಯಲುಸೀಮೆಯಲ್ಲಿ ಒಂದು ಕೆರೆ ಉಳಿಸುವುದಕ್ಕೆ ಒಬ್ಬ ಪ್ರಾಮಾಣಿಕ ಸರ್ವೇಯರ್‌ನಷ್ಟು ಉಪಯೋಗ ಬೇರೆ ಯಾರೂ ಆಗುವುದಿಲ್ಲ.

ಅಂತರ್ಜಲ, ಗಣಿ ಮತ್ತು ಭೂವಿಜ್ಞಾನ ಇಲಾಖೆಗಳೂ ಇವೆ. ಭೂವಿಜ್ಞಾನ ಓದಿದವರಿಗೆ ಮಾತ್ರ.

ಹೆಜ್ಜೆ 2: ನಿಮ್ಮ ಓದಿಗೆ ಯಾವ ಬಾಗಿಲು ತೆರೆಯುತ್ತದೆ

*ಎಸ್ಸೆಸ್ಸೆಲ್ಸಿ ಮುಗಿದಿದೆ.* ಅರಣ್ಯ ವೀಕ್ಷಕ ಹುದ್ದೆಗೆ ಇಷ್ಟು ಸಾಕು. 2023ರಲ್ಲಿ 310 ವೀಕ್ಷಕ ಹುದ್ದೆಗಳಿಗೆ ಕರೆದಿದ್ದರು. ಇಲ್ಲಿ ಹತ್ತನೇ ತರಗತಿಯ ಅಂಕಕ್ಕೆ ಬೆಲೆ ಇದೆ, ದೇಹಕ್ಕೆ ಪರೀಕ್ಷೆ ಇದೆ. ಹತ್ತನೇ ಕ್ಲಾಸಿನಲ್ಲಿ ಇರುವ ತಮ್ಮ, ತಂಗಿ ಮನೆಯಲ್ಲಿದ್ದರೆ ಈ ಮಾತು ಈಗಲೇ ಹೇಳಿ.

ಕೃಷಿ ವಿಶ್ವವಿದ್ಯಾಲಯಗಳು ನಡೆಸುವ ಎರಡು ವರ್ಷದ ಕೃಷಿ ಡಿಪ್ಲೊಮಾ ಇನ್ನೊಂದು ಆಯ್ಕೆ. ಪಾಠ ಕನ್ನಡದಲ್ಲೇ ನಡೆಯುತ್ತದೆ. ನಮಗೆ ಹತ್ತಿರ ಅಂದರೆ ಚನ್ನಗಿರಿ ತಾಲೂಕಿನ ಕತ್ತಲಗೆರೆ. ಒಳ್ಳೆಯ ಕೋರ್ಸು. ಆದರೆ ಇದು ಮುಗಿಸಿದ ಕೂಡಲೇ ಸಹಾಯಕ ಕೃಷಿ ಅಧಿಕಾರಿ ಆಗಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಆ ಹುದ್ದೆಗೆ ಪದವಿ ಬೇಕೇ ಬೇಕು.

*ಪಿಯುಸಿ.* ಇಲ್ಲಿ ಸ್ವಲ್ಪ ನಿಂತು ಯೋಚಿಸಿ, ಯಾಕೆಂದರೆ ಮುಂದಿನ ಎಲ್ಲ ಬಾಗಿಲು ಇಲ್ಲೇ ತೆರೆಯುವುದು ಅಥವಾ ಮುಚ್ಚುವುದು. ಬಿ.ಎಸ್ಸಿ. ಕೃಷಿ, ತೋಟಗಾರಿಕೆ, ವನವಿದ್ಯೆಗೆ ಜೀವಶಾಸ್ತ್ರ ಬೇಕು. ಕೃಷಿ ಇಂಜಿನಿಯರಿಂಗ್‌ಗೆ ಗಣಿತ ಬೇಕು. ಭೂಮಾಪಕ ಹುದ್ದೆಗೆ ಸಿವಿಲ್ ಪದವಿ, ಸಿವಿಲ್ ಡಿಪ್ಲೊಮಾ, ಐಟಿಐ ಸರ್ವೆ ಟ್ರೇಡ್ ಇವುಗಳ ಜೊತೆಗೆ ಪಿಯುಸಿ ವಿಜ್ಞಾನದಲ್ಲಿ ಗಣಿತಕ್ಕೆ ಶೇ. 60 ಅಂಕ ತೆಗೆದವರಿಗೂ ಅವಕಾಶ ಇದೆ. ಅಂದರೆ ಪಿಸಿಎಂಬಿ ತೆಗೆದುಕೊಂಡು, 'ನಾನು ಅಗ್ರಿಗೆ ಹೋಗುವವನು, ಗಣಿತ ಯಾಕೆ' ಅಂತ ಸಡಿಲ ಬಿಡದೆ 60 ದಾಟಿಸಿಕೊಂಡರೆ ಸರ್ವೇಯರ್ ಬಾಗಿಲು ಜೀವನಪೂರ್ತಿ, ಅಂದರೆ ವಯಸ್ಸು ಮೀರುವವರೆಗೆ, ತೆರೆದೇ ಇರುತ್ತದೆ. 2024ರಲ್ಲಿ ಕೆಪಿಎಸ್‌ಸಿ, ಅಂದರೆ ಕರ್ನಾಟಕ ಲೋಕಸೇವಾ ಆಯೋಗ, 364 ಭೂಮಾಪಕರಿಗೆ ಕರೆದಾಗ ಪದವಿಯೇ ಮುಗಿಸದ ಹುಡುಗರೂ ಇದೇ ನಿಯಮದಿಂದ ಅರ್ಜಿ ಹಾಕಬಹುದಿತ್ತು.

ಪಿಯುಸಿ ಮೇಲೆ ನೇರವಾಗಿ ಸಿಗುವ ಇನ್ನೆರಡು ಹುದ್ದೆ ಇವೆ. ಒಂದು ಗಸ್ತು ಅರಣ್ಯ ಪಾಲಕ. 2023ರ ಕೊನೆಗೆ 540 ಹುದ್ದೆಗೆ ಅಧಿಸೂಚನೆ ಬಂತು. ಅದರಲ್ಲಿ ವಯಸ್ಸು 18ರಿಂದ ಶುರು, ಸಾಮಾನ್ಯ ವರ್ಗಕ್ಕೆ 27, ಹಿಂದುಳಿದ ವರ್ಗಗಳಿಗೆ 30, ಪರಿಶಿಷ್ಟರಿಗೆ 32 ಮೇಲ್ಮಿತಿ ಇತ್ತು. ಬೇರೆ ಹುದ್ದೆಗಳ ವಯೋಮಿತಿ ನೋಡಿಕೊಂಡು 'ಇನ್ನೂ ಟೈಮ್ ಇದೆ' ಅಂತ ಕೂತರೆ ಗಾರ್ಡ್ ಹುದ್ದೆ ಕೈತಪ್ಪುತ್ತದೆ, ಇದರ ಬಾಗಿಲು ಬೇಗ ಮುಚ್ಚುತ್ತದೆ. ಈ ಹುದ್ದೆಗಳನ್ನು ಅರಣ್ಯ ವೃತ್ತವಾರು ಹಂಚುತ್ತಾರೆ. ಚಿತ್ರದುರ್ಗ ವಿಭಾಗ ಬರುವುದು ಬಳ್ಳಾರಿ ವೃತ್ತಕ್ಕೆ. ಚನ್ನಗಿರಿ ಕಾಡು ಭದ್ರಾವತಿ ವಿಭಾಗಕ್ಕೆ ಸೇರುತ್ತದೆ, ಅಂದರೆ ಶಿವಮೊಗ್ಗ ವೃತ್ತ. ಅರ್ಜಿಯಲ್ಲಿ ವೃತ್ತ ಆರಿಸುವಾಗ ಇದು ನೆನಪಿರಲಿ.

ಇನ್ನೊಂದು ಗ್ರಾಮ ಆಡಳಿತಾಧಿಕಾರಿ. ಹಿಂದೆ ಪಿಯುಸಿ ಅಂಕದ ಮೇಲೆ ಆಯ್ಕೆ ಮಾಡುತ್ತಿದ್ದರು. 2024ರಲ್ಲಿ 1,000 ಹುದ್ದೆಗಳಿಗೆ ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಸ್ಪರ್ಧಾತ್ಮಕ ಪರೀಕ್ಷೆ ಮಾಡಿತು. ಒಂದು ಪತ್ರಿಕೆ ಸಾಮಾನ್ಯ ಜ್ಞಾನ, ಇನ್ನೊಂದರಲ್ಲಿ ಕನ್ನಡ, ಇಂಗ್ಲಿಷ್, ಕಂಪ್ಯೂಟರ್. ಹುದ್ದೆಗಳು ಜಿಲ್ಲಾವಾರು. ಕಲಾ, ವಾಣಿಜ್ಯ ವಿಭಾಗದವರಿಗೆ ಜಮೀನಿನ ಕೆಲಸಕ್ಕೆ ಇದೇ ನೇರ ದಾರಿ.

*ಪದವಿ.* ಬಿ.ಎ., ಬಿ.ಕಾಂ. ಓದಿದವರು ನಿರಾಸೆ ಆಗಬೇಕಿಲ್ಲ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಅಂದರೆ ಪಿಡಿಓ ಹುದ್ದೆಗೆ ಯಾವ ಪದವಿಯೂ ಆಗುತ್ತದೆ, ಕೆಎಎಸ್‌ಗೂ ಅಷ್ಟೇ, ಕೆಎಎಸ್ ಬರೆದರೆ ತಹಶೀಲ್ದಾರ್ ಹುದ್ದೆ ಇದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕೆರೆ, ಗೋಕಟ್ಟೆ, ಕೃಷಿ ಹೊಂಡದ ಕೆಲಸಗಳು ಪಿಡಿಓ ಮೇಜಿನ ಮೇಲಿಂದಲೇ ಹೋಗುತ್ತವೆ.

ವನವಿದ್ಯೆ ಅಂದರೆ ಬಿ.ಎಸ್ಸಿ. ಫಾರೆಸ್ಟ್ರಿ ಓದಬೇಕು ಅಂದರೆ ರಾಜ್ಯದಲ್ಲಿ ಹೆಸರಾದವು ಎರಡು ಕಾಲೇಜು, ಶಿರಸಿ ಮತ್ತು ಪೊನ್ನಂಪೇಟೆ. ಶಿರಸಿಯದು ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದು. ಪೊನ್ನಂಪೇಟೆಯದು ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ್ದು, ನಮ್ಮ ಎರಡೂ ಜಿಲ್ಲೆ ಇದೇ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಹಿರಿಯೂರಿನ ಬಬ್ಬೂರು ಫಾರ್ಮಿನಲ್ಲಿ ಇದರದೇ ಸಂಶೋಧನಾ ಕೇಂದ್ರ ಇದೆ, ಹಿರಿಯೂರಿನಲ್ಲಿ ತೋಟಗಾರಿಕೆ ಕಾಲೇಜೂ ಇದೆ. ಸೀಟು ಸಿಇಟಿ ಮೂಲಕ. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಉಂಟು, ಅದಕ್ಕೆ ಒಂದು ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಗೊಬ್ಬರ, ಕಳೆ, ಉಪಕರಣ ತೋರಿಸಿ ಗುರುತು ಹಿಡಿಯಲು ಹೇಳುತ್ತಾರೆ. ಹೊಲದಲ್ಲಿ ಬೆಳೆದವರಿಗೆ ಸುಲಭ ಅಲ್ವಾ ಅನ್ನಿಸಬಹುದು, ಆದರೆ ಮೆಕ್ಕೆಜೋಳ, ಶೇಂಗಾ ಬಿಟ್ಟು ಬೇರೆ ಬೆಳೆಯನ್ನೇ ನೋಡದವರು ಅಲ್ಲಿ ತಡಬಡಾಯಿಸುತ್ತಾರೆ. ಕೃಷಿ ವಿಜ್ಞಾನ ಕೇಂದ್ರಕ್ಕೆ ಒಮ್ಮೆ ಹೋಗಿ ಬನ್ನಿ. ದಾವಣಗೆರೆಯಲ್ಲಿ ತರಳಬಾಳು ಕೆವಿಕೆ, ಚಿತ್ರದುರ್ಗ ಜಿಲ್ಲೆಗೆ ಬಬ್ಬೂರು ಫಾರ್ಮ್. ಬೇರೆ ರಾಜ್ಯದ ಕೃಷಿ ಕಾಲೇಜಿಗೆ ಹೋಗಲು ಮನಸ್ಸಿದ್ದರೆ ಐಸಿಎಆರ್ ಅಂದರೆ ಭಾರತೀಯ ಕೃಷಿ ಸಂಶೋಧನಾ ಮಂಡಳಿಯ ಸೀಟುಗಳು ಸಿಯುಇಟಿ ಅನ್ನುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಮೂಲಕ ಸಿಗುತ್ತವೆ. ನಮ್ಮ ಕಡೆಯವರು ಆ ಅರ್ಜಿ ಹಾಕುವುದೇ ಕಡಿಮೆ.

ಆರ್‌ಎಫ್‌ಓ, ಎಸಿಎಫ್ ನೇರ ನೇಮಕಾತಿಯಲ್ಲಿ ಒಂದು ಪಾಲು ಫಾರೆಸ್ಟ್ರಿ ಪದವೀಧರರಿಗೆ ಮೀಸಲು. ಆ ಪಾಲು ಎಷ್ಟಿರಬೇಕು ಅನ್ನುವುದರ ಮೇಲೆ ವಿದ್ಯಾರ್ಥಿಗಳು ಬೀದಿಗಿಳಿದು ಪ್ರತಿಭಟನೆ ಮಾಡಿದ್ದೂ ಉಂಟು. ಹಾಗಾಗಿ ಸೀನಿಯರ್ ಹೇಳಿದ ಶೇಕಡಾವಾರು ನಂಬಿಕೊಂಡು ಲೆಕ್ಕ ಹಾಕಬೇಡಿ, ನೀವು ಅರ್ಜಿ ಹಾಕುವ ವರ್ಷದ ಅಧಿಸೂಚನೆ ನೋಡಿ. ಕಹಿ ಮಾತೊಂದು ಹೇಳಲೇಬೇಕು: ಈ ನೇಮಕಾತಿಗಳ ನಡುವೆ ವರ್ಷಗಟ್ಟಲೆ ಅಂತರ ಇರುತ್ತದೆ. ಆರ್‌ಎಫ್‌ಓ ಒಂದನ್ನೇ ನೆಚ್ಚಿಕೊಂಡು ಕೂರುವುದು ಬೋರ್‌ವೆಲ್ ನಂಬಿ ಅಡಿಕೆ ಇಟ್ಟ ಹಾಗೆ.

ಬಿ.ಎಸ್ಸಿ. ಕೃಷಿ ಓದಿದವರಿಗೆ ಹುದ್ದೆ ಸಂಖ್ಯೆ ಜಾಸ್ತಿ. 2024ರಲ್ಲಿ ಕೆಪಿಎಸ್‌ಸಿ 945 ಹುದ್ದೆಗೆ ಕರೆಯಿತು, 128 ಕೃಷಿ ಅಧಿಕಾರಿ, 817 ಸಹಾಯಕ ಕೃಷಿ ಅಧಿಕಾರಿ. ಸಿಂಹಪಾಲು ಕೃಷಿ ಪದವೀಧರರಿಗೆ, ಒಂದು ಸಣ್ಣ ಪಾಲು ಕೃಷಿ ಇಂಜಿನಿಯರಿಂಗ್‌ನಂಥ ಬಿ.ಟೆಕ್. ಓದಿದವರಿಗೆ. ಸೇರಿದ ಮೇಲೆ ಹೆಚ್ಚಿನವರ ಕೆಲಸ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ. ಬಿತ್ತನೆ ಬೀಜಕ್ಕೆ ಸಾಲು ನಿಂತ ಜನರ ಮುಂದೆ ಕೂತಾಗ ಮಣ್ಣಿನ ಸಂರಕ್ಷಣೆ ನೆನಪಾಗುವುದು ಕಷ್ಟ. ಆದರೆ ಜಲಾನಯನ ಯೋಜನೆಗೆ ನಿಯೋಜನೆ ಸಿಗುವುದೂ ಇಲ್ಲಿಂದಲೇ.

*ಭಾರತೀಯ ಅರಣ್ಯ ಸೇವೆ.* ಯುಪಿಎಸ್‌ಸಿ ನಡೆಸುತ್ತದೆ. ಪ್ರಿಲಿಮ್ಸ್ ಐಎಎಸ್‌ನವರ ಜೊತೆಗೇ, ಅದೇ ಪತ್ರಿಕೆ. ವಯಸ್ಸು 21ರಿಂದ 32, ಮೀಸಲಾತಿಗೆ ಸಡಿಲಿಕೆ ಇದೆ. ಸಾಮಾನ್ಯ ವರ್ಗಕ್ಕೆ ಆರು ಸಲ, ಒಬಿಸಿಗೆ ಒಂಬತ್ತು ಸಲ ಬರೆಯಬಹುದು, ಪರಿಶಿಷ್ಟರಿಗೆ ಮಿತಿ ಇಲ್ಲ. ಪದವಿಯಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ, ಭೂವಿಜ್ಞಾನ, ಪಶುವೈದ್ಯ ಇವುಗಳಲ್ಲಿ ಒಂದಾದರೂ ಇರಬೇಕು, ಇಲ್ಲವೇ ಕೃಷಿ, ವನವಿದ್ಯೆ, ಇಂಜಿನಿಯರಿಂಗ್ ಪದವಿ ಆಗಿರಬೇಕು. ಅಂದರೆ ಚಳ್ಳಕೆರೆಯ ಸರ್ಕಾರಿ ಕಾಲೇಜಿನಲ್ಲಿ ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಓದಿದ ಹುಡುಗಿಗೂ ಅರ್ಹತೆ ಇದೆ, ಯಾರೂ ಅವಳಿಗೆ ಹೇಳಿರುವುದಿಲ್ಲ ಅಷ್ಟೇ.

ಮುಖ್ಯ ಪರೀಕ್ಷೆ ಆರು ಪತ್ರಿಕೆ. ಜನರಲ್ ಇಂಗ್ಲಿಷ್ 300, ಸಾಮಾನ್ಯ ಜ್ಞಾನ 300, ಎರಡು ಐಚ್ಛಿಕ ವಿಷಯ, ಒಂದೊಂದಕ್ಕೆ 200ರ ಎರಡು ಪತ್ರಿಕೆ. ಒಟ್ಟು 1,400. ಸಂದರ್ಶನಕ್ಕೆ 300. ಐಎಎಸ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಇದನ್ನು ಆಗುವುದಿಲ್ಲ, ಇಂಗ್ಲಿಷ್ ಒಂದೇ. ಕನ್ನಡ ಮಾಧ್ಯಮದವರು ಪದವಿಯ ಮೊದಲ ವರ್ಷದಿಂದಲೇ ದಿನಕ್ಕೆ ಒಂದು ಪುಟ ಇಂಗ್ಲಿಷಿನಲ್ಲಿ ತಮ್ಮ ವಿಷಯದ ಉತ್ತರ ಬರೆಯುವ ಅಭ್ಯಾಸ ಶುರು ಮಾಡಬೇಕು, ಓದಿದರೆ ಮಾತ್ರ ಸಾಲದು. ಐಚ್ಛಿಕ ವಿಷಯ ಆರಿಸುವಾಗ ಕೃಷಿ ಮತ್ತು ವನವಿದ್ಯೆ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಲು ಬಿಡುವುದಿಲ್ಲ. ಗಣಿತ-ಸಂಖ್ಯಾಶಾಸ್ತ್ರ ಜೋಡಿಯೂ ಇಲ್ಲ. ಆಯ್ಕೆಯಾದವರಿಗೆ ತರಬೇತಿ ಡೆಹ್ರಾಡೂನಿನ ಇಂದಿರಾ ಗಾಂಧಿ ರಾಷ್ಟ್ರೀಯ ಅರಣ್ಯ ಅಕಾಡೆಮಿಯಲ್ಲಿ.

ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದವರಿಗೆ ಯುಪಿಎಸ್‌ಸಿಯ ಜಿಯೋ ಸೈಂಟಿಸ್ಟ್ ಪರೀಕ್ಷೆ ಇದೆ, ಕೇಂದ್ರ ಅಂತರ್ಜಲ ಮಂಡಳಿಗೂ ಅದೇ ದಾರಿ. ಮಣ್ಣಿನ ಸಂಶೋಧನೆಯೇ ಬೇಕು ಅನ್ನುವವರು ಸ್ನಾತಕೋತ್ತರ ಮುಗಿಸಿ ಐಸಿಎಆರ್‌ನ ಎಆರ್‌ಎಸ್ ಅಂದರೆ ಕೃಷಿ ಸಂಶೋಧನಾ ಸೇವೆಯ ಪರೀಕ್ಷೆ ಕಡೆ ನೋಡಬೇಕು. ಮೊಳಕಾಲ್ಮೂರಿನಿಂದ ದೂರ ಏನಿಲ್ಲ, ಬಳ್ಳಾರಿಯಲ್ಲೇ ಮಣ್ಣು ಮತ್ತು ನೀರು ಸಂರಕ್ಷಣೆಯ ಐಸಿಎಆರ್ ಕೇಂದ್ರ ಇದೆ.

ಹೆಜ್ಜೆ 3: ಕಾಗದ ಪತ್ರ

ಪರೀಕ್ಷೆಯಲ್ಲಿ ಪಾಸಾಗಿ ಕಾಗದದಲ್ಲಿ ಬಿದ್ದವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನಿಯಮ ಸರಳ: ಮೀಸಲಾತಿ ಕೇಳುವ ಪ್ರತಿ ಪ್ರಮಾಣಪತ್ರ ಅರ್ಜಿಯ ಕೊನೇ ದಿನಾಂಕದೊಳಗೆ ನಿಮ್ಮ ಕೈಯಲ್ಲಿರಬೇಕು, ಆ ದಿನಕ್ಕೆ ಚಾಲ್ತಿಯಲ್ಲಿರಬೇಕು. ಆಮೇಲೆ ತರುತ್ತೇನೆ ಅಂದರೆ ನಡೆಯದು.

ಜಾತಿ ಪ್ರಮಾಣಪತ್ರ ನಾಡಕಚೇರಿಯಲ್ಲಿ. ಪರಿಶಿಷ್ಟ ಜಾತಿ, ಪಂಗಡಕ್ಕೆ ನಮೂನೆ ಡಿ, ಪ್ರವರ್ಗ-1ಕ್ಕೆ ನಮೂನೆ ಇ, 2ಎ, 2ಬಿ, 3ಎ, 3ಬಿಗೆ ನಮೂನೆ ಎಫ್. ಶಾಲೆಗೆ ಮಾಡಿಸಿದ್ದ ಹಳೇ ಕಾಗದ ಇದೆ ಅಂತ ಸುಮ್ಮನಿರಬೇಡಿ, ನಮೂನೆ ಮತ್ತು ದಿನಾಂಕ ನೋಡಿ.

ಗ್ರಾಮೀಣ ಮೀಸಲಾತಿ ಶೇ. 25 ಇದೆ, ದೊಡ್ಡ ಪಾಲು. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಇಲ್ಲಿ ನೋಡುವುದು ಮನೆ ಎಲ್ಲಿದೆ ಅಂತ ಅಲ್ಲ, ಶಾಲೆ ಎಲ್ಲಿತ್ತು ಅಂತ. ಹಳ್ಳಿಯಲ್ಲಿ ಮನೆ ಇದ್ದು ಬಸ್ಸಿನಲ್ಲಿ ದಾವಣಗೆರೆ ಶಾಲೆಗೆ ಓಡಾಡಿದವರಿಗೆ ಇದು ಸಿಗುವುದಿಲ್ಲ. ಪಟ್ಟಣ ಪಂಚಾಯಿತಿ ಪ್ರದೇಶವೂ ಗ್ರಾಮೀಣ ಅಲ್ಲ, ಆದ್ದರಿಂದ ಜಗಳೂರು, ಮೊಳಕಾಲ್ಮೂರು, ಹೊಳಲ್ಕೆರೆ ಪೇಟೆಯ ಒಳಗಿನ ಶಾಲೆಗಳಲ್ಲಿ ಓದಿದವರು ಹುಷಾರಾಗಿ ವಿಚಾರಿಸಿ. ಮುಖ್ಯೋಪಾಧ್ಯಾಯರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲು ಸಹಿ ಎರಡೂ ಬೇಕು. ಸಾಮಾನ್ಯ ವರ್ಗದ ಗ್ರಾಮೀಣ ಅಭ್ಯರ್ಥಿಗಳು ಗ್ರಾಮೀಣ ಪ್ರಮಾಣಪತ್ರವಾದ ನಮೂನೆ-2 ಒಂದೇ ಮಾಡಿಸಿ, ಮೇಲುಸ್ತರಕ್ಕೆ ಸೇರಿಲ್ಲ ಅನ್ನುವ ನಮೂನೆ-1 ಮರೆಯುತ್ತಾರೆ. ಎರಡೂ ಬೇಕು. ಕನ್ನಡ ಮಾಧ್ಯಮ ಪ್ರಮಾಣಪತ್ರಕ್ಕೂ ಇದೇ ಓಡಾಟ, ಶೇ. 5 ಮೀಸಲಾತಿ. ಒಂದೇ ಸಲ ಶಾಲೆಗೆ ಹೋಗಿ ಎರಡನ್ನೂ ಮಾಡಿಸಿಕೊಳ್ಳಿ, ಬೇಸಿಗೆ ರಜೆಯಲ್ಲಿ ಹೋದರೆ ಹೆಡ್‌ಮಾಸ್ಟರ್ ಸಿಗುವುದಿಲ್ಲ.

ಇನ್ನು 371ಜೆ, ಅಂದರೆ ಕಲ್ಯಾಣ ಕರ್ನಾಟಕದವರಿಗೆ ಪ್ರತ್ಯೇಕ ಮೀಸಲಾತಿ ಕೊಡುವ ಸಂವಿಧಾನದ ವಿಧಿ. ಚಿತ್ರದುರ್ಗ, ದಾವಣಗೆರೆ ಎರಡೂ ಕಲ್ಯಾಣ ಕರ್ನಾಟಕಕ್ಕೆ ಸೇರುವುದಿಲ್ಲ. ನಾವು ಉಳಿಕೆ ಮೂಲ ವೃಂದದವರು, ಅಧಿಸೂಚನೆಯಲ್ಲಿ ಆರ್‌ಪಿಸಿ ಅಂತ ಕಾಣುವುದು ನಮ್ಮ ಹುದ್ದೆ. ಹರಪನಹಳ್ಳಿಯವರ ಕಥೆ ಬೇರೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಅದರೊಳಗಿದ್ದ ತಾಲೂಕು, ಮತ್ತೆ ಬಳ್ಳಾರಿಗೆ ಸೇರಿ ಈಗ ವಿಜಯನಗರ ಜಿಲ್ಲೆಯಲ್ಲಿದೆ, 371ಜೆ ಸೌಲಭ್ಯ ಇದೆ. ದಾವಣಗೆರೆಯಲ್ಲಿ ರೂಮ್ ಮಾಡಿಕೊಂಡು ಓದುವ ಹರಪನಹಳ್ಳಿ ಹುಡುಗರು ಪಕ್ಕದ ಬೆಂಚಿನವರನ್ನು ನೋಡಿ ಅರ್ಜಿ ತುಂಬಬಾರದು.

ಯುಪಿಎಸ್‌ಸಿಗೆ ಹೋಗುವವರಿಗೆ ಕೇಂದ್ರದ ಪಟ್ಟಿ ಬೇರೆ. ರಾಜ್ಯದಲ್ಲಿ 3ಬಿ ಇದೆ ಅಂದ ಮಾತ್ರಕ್ಕೆ ಅಲ್ಲಿ ಒಬಿಸಿ ಆಗುವುದಿಲ್ಲ. ಬೇರೆ ಮೀಸಲಾತಿಗೆ ಬರದ ಬಡವರಿಗೆ ಇಡಬ್ಲ್ಯೂಎಸ್ ಮೀಸಲಾತಿ ಅಂತ ಒಂದಿದೆ, ವರ್ಷದ ಆದಾಯ 8 ಲಕ್ಷದ ಒಳಗಿರಬೇಕು, ಆದರೆ ಕುಟುಂಬಕ್ಕೆ 5 ಎಕರೆ ಅಥವಾ ಅದಕ್ಕಿಂತ ಜಾಸ್ತಿ ಕೃಷಿ ಜಮೀನು ಇದ್ದರೆ ಇಲ್ಲ. ಮಳೆ ಇಲ್ಲದ ಆರು ಎಕರೆ ಬೆದ್ದಲು ಇಟ್ಟುಕೊಂಡ ಚಳ್ಳಕೆರೆ ರೈತನ ಮಗ ಈ ಲೆಕ್ಕದಲ್ಲಿ ಸ್ಥಿತಿವಂತ. ಏನು ಮಾಡುವುದು, ನಿಯಮ ಹಾಗಿದೆ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಇವತ್ತೇ ಸರಿಪಡಿಸಲು ಕೊಡಿ.

ಹೆಜ್ಜೆ 4: ದೇಹ

ಅರಣ್ಯದ ಹುದ್ದೆಗಳಿಗೆ ಮಾತ್ರ ಈ ಭಾಗ. ಭಾರತೀಯ ಅರಣ್ಯ ಸೇವೆಗೆ ಪುರುಷರ ಎತ್ತರ 163 ಸೆಂ.ಮೀ., ಮಹಿಳೆಯರದು 150. ಪರಿಶಿಷ್ಟ ಪಂಗಡದವರಿಗೆ 152.5 ಮತ್ತು 145. ಎದೆ ಸುತ್ತಳತೆ ಪುರುಷರಿಗೆ 84, ಮಹಿಳೆಯರಿಗೆ 79, ಉಸಿರು ತುಂಬಿದಾಗ 5 ಸೆಂ.ಮೀ. ಹಿಗ್ಗಬೇಕು. ಜೊತೆಗೆ ನಾಲ್ಕು ಗಂಟೆಯಲ್ಲಿ ಪುರುಷರು 25 ಕಿ.ಮೀ., ಮಹಿಳೆಯರು 14 ಕಿ.ಮೀ. ನಡೆಯಬೇಕು. ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿ.ಮೀ., ಅಂದಾಜಿಗೆ ಅಷ್ಟು ದೂರ. ಗಂಟೆಗೆ ಮೂರೂವರೆ ಕಿ.ಮೀ. ಬಂದರೆ ಸಾಕು, ಹೊಲಕ್ಕೆ ಬುತ್ತಿ ಹೊತ್ತವರಿಗೆ ಅದು ಕಷ್ಟವಲ್ಲ. ಪುರುಷರದು ಹಾಗಲ್ಲ. ಗಂಟೆಗೆ ಆರೂಕಾಲು ಕಿ.ಮೀ., ಅದೂ ನಾಲ್ಕು ಗಂಟೆ ಬಿಡದೆ. ಮೊದಲ ಹತ್ತು ಕಿ.ಮೀ. ಎಲ್ಲರೂ ಆರಾಮಾಗಿ ಹೋಗುತ್ತಾರೆ. ಕೊನೆಯ ಐದರಲ್ಲಿ ಪಾದದ ಗುಳ್ಳೆ, ತೊಡೆ ಸೆಳೆತ ಶುರುವಾಗುತ್ತದೆ. ಹೊಸ ಶೂ ಹಾಕಿಕೊಂಡು ಹೋಗಲೇಬೇಡಿ.

ಗಾರ್ಡ್, ವಾಚರ್ ಹುದ್ದೆಗೆ ಓಟ, ಜಿಗಿತ, ಗುಂಡು ಎಸೆತದಂಥ ಪರೀಕ್ಷೆಗಳು. ದೂರ, ಸಮಯ ಆಯಾ ಅಧಿಸೂಚನೆಯಲ್ಲಿ ಇರುತ್ತವೆ. ಚಿತ್ರದುರ್ಗದವರಿಗೆ ಓಬವ್ವ ಕ್ರೀಡಾಂಗಣ ಇದೆ, ಏರು ಬೇಕು ಅಂದರೆ ಜೋಗಿಮಟ್ಟಿ ರಸ್ತೆ ಇದೆ. ದಾವಣಗೆರೆಯವರಿಗೆ ಹೈಸ್ಕೂಲ್ ಮೈದಾನ. ಅಧಿಸೂಚನೆ ಬಂದ ಮೇಲೆ ಓಡಲು ಶುರು ಮಾಡಿದರೆ ಮಂಡಿ ನೋವು ಗ್ಯಾರಂಟಿ, ಓಟ ಗ್ಯಾರಂಟಿ ಇಲ್ಲ. ಉದ್ದ ಜಿಗಿತವನ್ನು ಎಲ್ಲರೂ ಕಡೆಗಣಿಸುತ್ತಾರೆ, ಅದು ಬಲಕ್ಕಿಂತ ಹೆಜ್ಜೆ ಲೆಕ್ಕದ ಆಟ, ಯಾರಾದರೂ ದೈಹಿಕ ಶಿಕ್ಷಕರ ಹತ್ತಿರ ಕಲಿಯಿರಿ.

ಕಣ್ಣಿನ ತಪಾಸಣೆ ಈಗಲೇ ಮಾಡಿಸಿ, ಮುಖ್ಯವಾಗಿ ಬಣ್ಣ ಗುರುತಿಸುವ ಪರೀಕ್ಷೆ. ಹುಟ್ಟಿನಿಂದ ಬಣ್ಣಗುರುಡು ಇರುವವರಲ್ಲಿ ಎಷ್ಟೋ ಜನಕ್ಕೆ ಅದು ಗೊತ್ತೇ ಇರುವುದಿಲ್ಲ. ಅದು ಇದ್ದರೆ ಅರಣ್ಯದ ದಾರಿ ಬಿಟ್ಟು ಕೃಷಿ, ಕಂದಾಯದ ದಾರಿ ಹಿಡಿಯಬಹುದು, ವರ್ಷಗಳು ಉಳಿಯುತ್ತವೆ.

ಹೆಜ್ಜೆ 5: ಈಗ ಪುಸ್ತಕ

ಸಾಮಾನ್ಯ ಜ್ಞಾನಕ್ಕೆ ಏನು ಓದಬೇಕು ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಆರರಿಂದ ಹನ್ನೆರಡರವರೆಗಿನ ಶಾಲಾ ಪುಸ್ತಕ, ರಾಜ್ಯದ ಆರ್ಥಿಕ ಸಮೀಕ್ಷೆ, ಹಳೇ ಪ್ರಶ್ನೆಪತ್ರಿಕೆ. ಅಷ್ಟು ಸಾಕು. ನಾನು ಹೇಳಬೇಕೆಂದಿರುವುದು ಈ ಕ್ಷೇತ್ರಕ್ಕೆ ಸೇರಿದ ವಿಷಯಗಳ ಬಗ್ಗೆ.

ಕಾಯ್ದೆಗಳನ್ನು ಇಸವಿ ಸಮೇತ ಬಾಯಿಪಾಠ ಮಾಡಿ, ಆದರೆ ಒಂದಕ್ಕೊಂದು ಹೇಗೆ ತಾಗುತ್ತದೆ ಅಂತ ಅರ್ಥ ಮಾಡಿಕೊಂಡು. ಕರ್ನಾಟಕ ಅರಣ್ಯ ಕಾಯ್ದೆ 1963, ಕರ್ನಾಟಕ ಭೂ ಕಂದಾಯ ಕಾಯ್ದೆ 1964, ವನ್ಯಜೀವಿ ಸಂರಕ್ಷಣಾ ಕಾಯ್ದೆ 1972, ಅರಣ್ಯ ಸಂರಕ್ಷಣಾ ಕಾಯ್ದೆ 1980 ಮತ್ತು ಅದರ 2023ರ ತಿದ್ದುಪಡಿ, ಪರಿಸರ ಸಂರಕ್ಷಣಾ ಕಾಯ್ದೆ 1986, ಜೀವವೈವಿಧ್ಯ ಕಾಯ್ದೆ 2002, ಅರಣ್ಯ ಹಕ್ಕು ಕಾಯ್ದೆ 2006. ಒಂದೇ ಜಮೀನಿನ ಮೇಲೆ ಪಹಣಿಯಲ್ಲಿ 'ಗೋಮಾಳ' ಅಂತ, ಅರಣ್ಯ ಇಲಾಖೆ ನಕ್ಷೆಯಲ್ಲಿ ಬೇರೆ ಅಂತ ಇದ್ದರೆ ಏನಾಗುತ್ತದೆ? ನಿಮ್ಮೂರಿನ ಬಗರ್‌ಹುಕುಂ ಜಗಳ ಒಂದನ್ನು ತೆಗೆದುಕೊಂಡು ಯಾವ ಕಾಯ್ದೆ ಎಲ್ಲಿ ಬರುತ್ತದೆ ಅಂತ ಬಿಡಿಸಿ ನೋಡಿ. ಸಂದರ್ಶನ ಇರುವ ಹುದ್ದೆಗಳಲ್ಲಿ ಇಂಥ ಉತ್ತರಕ್ಕೆ ತೂಕ ಜಾಸ್ತಿ.

ಅಳತೆ ಕಲಿಯಿರಿ. 33 ಅಡಿಯ ಸರಪಳಿ, ಅದರಲ್ಲಿ 16 ಆಣೆ. 33 ಅಡಿ ಉದ್ದ, 33 ಅಡಿ ಅಗಲ ಅಂದರೆ ಒಂದು ಗುಂಟೆ, 1,089 ಚದರ ಅಡಿ. 40 ಗುಂಟೆಗೆ ಎಕರೆ. ಒಂದು ಹೆಕ್ಟೇರ್ ಅಂದರೆ ಸರಿಸುಮಾರು 2 ಎಕರೆ 19 ಗುಂಟೆ. ಪಹಣಿ, ಟಿಪ್ಪಣಿ (ಮೂಲ ಅಳತೆಯ ನಕ್ಷೆ), ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ), ಪೋಡಿ (ಸರ್ವೆ ನಂಬರನ್ನು ಅಳೆದು ಭಾಗ ಮಾಡುವುದು) ಇವುಗಳ ನಡುವಿನ ಸಂಬಂಧ ಗೊತ್ತಿರಬೇಕು. ಮನೆಯ ಪಹಣಿಯನ್ನೇ ತೆಗೆದು ಕಾಲಂ ಕಾಲಂ ಓದಿ, ದಿಶಾಂಕ್ ಆ್ಯಪ್‌ನಲ್ಲಿ ನಿಮ್ಮ ಹೊಲದ ಸರ್ವೆ ನಂಬರ್ ಹುಡುಕಿ. ಇದಕ್ಕಿಂತ ಒಳ್ಳೇ ಅಭ್ಯಾಸ ಇಲ್ಲ.

ಮಣ್ಣು-ನೀರಿನ ಪಾಠವಂತೂ ಇಲ್ಲಿ ಕಣ್ಣೆದುರಿಗೇ ಇದೆ. ಕೆಂಪು ಮಣ್ಣಿನ ಇಳಿಜಾರಿನಲ್ಲಿ ಸಮಪಾತಳಿ ಬದು ಹಾಕಿದ ಹೊಲ, ಹಾಕದ ಹೊಲ ಎರಡನ್ನೂ ಒಂದು ಜೋರು ಮಳೆ ಆದ ಮಾರನೇ ದಿನ ಹೋಗಿ ನೋಡಿ. ಹೂಳು ಎಲ್ಲಿ ನಿಂತಿದೆ, ಕೊರಕಲು ಎಲ್ಲಿ ಶುರುವಾಗಿದೆ, ಬದುವಿನ ಕೋಡಿ ಎಲ್ಲಿ ಇಟ್ಟಿದ್ದಾರೆ, ಕಪ್ಪು ಮಣ್ಣಿನಲ್ಲಿ ಅದೇ ಬದು ಯಾಕೆ ಬಿರುಕು ಬಿಟ್ಟು ಒಡೆಯುತ್ತದೆ ಅಂತ ಕಂಡರೆ ಪುಸ್ತಕದ ಪುಟಗಳು ತಾನಾಗೇ ನೆನಪಿರುತ್ತವೆ. ಜಿಲ್ಲೆಯ ಮಾಹಿತಿಯೂ ಗೊತ್ತಿರಲಿ: ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿದ್ದದ್ದು, ಚನ್ನಗಿರಿಯ ಸೂಳೆಕೆರೆ, ಭದ್ರಾ ಮೇಲ್ದಂಡೆ ನೀರಾವರಿ ಯೋಜನೆ.

ಕೆಪಿಎಸ್‌ಸಿ, ಕೆಇಎ ನೇಮಕಾತಿಗಳಲ್ಲಿ ಬರುವ ಕಡ್ಡಾಯ ಕನ್ನಡ ಪರೀಕ್ಷೆ 150 ಅಂಕದ್ದು, 50 ಬಂದರೆ ಪಾಸು, ಆಯ್ಕೆಗೆ ಅಂಕ ಸೇರುವುದಿಲ್ಲ. 'ನಾವು ಕನ್ನಡದವರು, ಅದೇನು' ಅಂತ ಒಂದು ಸಲವೂ ಪ್ರಬಂಧ ಬರೆದು ನೋಡದೆ ಹೋಗುವವರಿದ್ದಾರೆ. ಹೋಗಬೇಡಿ. ಓಎಂಆರ್ ಪತ್ರಿಕೆಯಲ್ಲಿ ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಕಳೆಯುತ್ತಾರೆ, ಊಹೆಗೆ ಲಗಾಮು ಇರಲಿ.

ಹೆಜ್ಜೆ 6: ಅರ್ಜಿ, ಆಮೇಲೆ ಕಾಯುವ ದಿನಗಳು

ಅರ್ಜಿ ಸೈಬರ್ ಸೆಂಟರಿನಲ್ಲಿ ಹಾಕಿಸಿದರೂ ಮೊಬೈಲ್ ನಂಬರ್, ಇಮೇಲ್ ನಿಮ್ಮದೇ ಇರಲಿ. ಅಂಗಡಿಯವರ ನಂಬರ್ ಹಾಕಿಸಿಕೊಂಡು ಆಮೇಲೆ ಓಟಿಪಿಗೆ ಅಲೆಯುವವರನ್ನು ದಿನಾ ನೋಡಬಹುದು. ಮೀಸಲಾತಿ ಕಾಲಂಗಳನ್ನು ನೀವೇ ಓದಿ ಟಿಕ್ ಮಾಡಿ, ಕೊನೇ ದಿನಾಂಕ ದಾಟಿದ ಮೇಲೆ ಬದಲಾಯಿಸಲು ಆಗುವುದಿಲ್ಲ. ಶುಲ್ಕ ಕಟ್ಟಿದ ರಸೀದಿ, ಅರ್ಜಿಯ ಪ್ರಿಂಟ್ ಒಂದು ಫೈಲಿನಲ್ಲಿ ಇಡಿ. ದುಡ್ಡು ಕೊಟ್ಟರೆ ಲಿಸ್ಟಿನಲ್ಲಿ ಹೆಸರು ಬರಿಸುತ್ತೇನೆ ಅನ್ನುವವನು ಪ್ರತಿ ತಾಲೂಕಿನಲ್ಲೂ ಒಬ್ಬ ಇರುತ್ತಾನೆ. ಎಕರೆ ಮಾರಿ ಕೊಟ್ಟವರೂ ಇದ್ದಾರೆ.

ನೇಮಕಾತಿ ನಿಲ್ಲುವುದೂ ಉಂಟು. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗಲಿ ಅಂತ 2024ರ ಅಕ್ಟೋಬರ್ ಕೊನೆಗೆ ಹೊಸ ಅಧಿಸೂಚನೆಗಳಿಗೇ ತಡೆ ಬಿತ್ತು. ಅಂಥ ಕಾಲ ಸುಮ್ನೆ ಕಳೆಯಬಾರದು. ಸಿವಿಲ್ ಓದಿದವರು, ಸರ್ವೆ ಕಲಿತವರು ಪರವಾನಗಿ ಭೂಮಾಪಕರಾಗಲು ಅರ್ಜಿ ಕರೆದಾಗ ಹಾಕಬಹುದು, ಸರ್ಕಾರಿ ನೌಕರಿ ಅಲ್ಲ, ಆದರೆ ಕೆಲಸ ಅದೇ, ಸಂಪಾದನೆಯೂ ಇದೆ. ಕೃಷಿ, ವನವಿದ್ಯೆಯವರು ಕೆವಿಕೆ, ಜಲಾನಯನ ಯೋಜನೆಗಳ ಗುತ್ತಿಗೆ ಹುದ್ದೆ ನೋಡಬಹುದು. ಗುತ್ತಿಗೆ ಖಾಯಂ ಆಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ, ಅನುಭವಕ್ಕೆ ಹೋಗಿ. ಕ್ಯೂಜಿಐಎಸ್ ಅಂತ ಉಚಿತ ತಂತ್ರಾಂಶ ಇದೆ, ನಕ್ಷೆ ಮಾಡುವುದನ್ನು ಕಲಿತುಬಿಡಿ. ಅರಣ್ಯ, ಜಲಾನಯನ, ಸರ್ವೆ ಮೂರರಲ್ಲೂ ಬೇಕಾಗುತ್ತದೆ.

ದಾಖಲೆ ಪರಿಶೀಲನೆಗೆ ಕರೆದಾಗ ಮೂಲ ಪ್ರತಿಗಳ ಜೊತೆ ಎರಡು ಸೆಟ್ ಜೆರಾಕ್ಸ್ ಒಯ್ಯಿರಿ. ಆಯ್ಕೆಯಾದ ಅರಣ್ಯ ಸಿಬ್ಬಂದಿಗೆ ತರಬೇತಿ ಇರುತ್ತದೆ, ಧಾರವಾಡದ ಗುಂಗರಗಟ್ಟಿಯಲ್ಲಿ ರಾಜ್ಯ ಅರಣ್ಯ ಅಕಾಡೆಮಿ ಇದೆ. ಸೇರಿದ ಮೇಲೆ ಪ್ರೊಬೇಷನ್ ಅವಧಿಯಲ್ಲೇ ಕೆಪಿಎಸ್‌ಸಿ ನಡೆಸುವ ಇಲಾಖಾ ಪರೀಕ್ಷೆಗಳನ್ನು ಬರೆದು ಮುಗಿಸಿಬಿಡಿ, ಅವು ಪಾಸಾಗದೆ ಬಡ್ತಿ ಸಿಗುವುದಿಲ್ಲ, ಮತ್ತು ಗಾರ್ಡ್ ಆಗಿ ಸೇರಿದವರು ಮೇಲಿನ ಹುದ್ದೆಗೆ ಹೋಗುವುದು ಹೆಚ್ಚಾಗಿ ಬಡ್ತಿಯಿಂದ.